ತಪ್ಪಿದ ಮೂರು ಶನಿವಾರ

ರಾಜಘಟ್ಟ, ದೊಡ್ಡಬಳ್ಳಾಪುರ ತಾಲ್ಲೂಕು
ಬುಧವಾರ, 10-3-1943

ಪ್ರೀತಿಯ ಮಗ ಬೈಲಪ್ಪನಿಗೆ, ತಲೆಯ ಮೇಲೆ ಕೈಯಿಟ್ಟು ಹರಸಿದೆನೆಂದು ತಿಳಿದುಕೋ, ನಿನ್ನ ತಾಯಿ ಬರೆಯುವುದು.

ನಿನ್ನ ಮೈ ಹೇಗಿದೆ? ಆ ಕಡೆ ಚಳಿ ಬಹಳವೆಂದು ಕೇಳಿದೆ. ಹೊದೆಯಲು ಕಂಬಳಿ ಕೊಟ್ಟಿದ್ದಾರೆಯೇ? ಮಾಗಿಯಲ್ಲಿ ನಿನಗೆ ಬರುತ್ತಿದ್ದ ಒಣ ಕೆಮ್ಮು ಈ ಸಲವೂ ಬಂತೇ? ಇಟಲಿಯವರ ಸೆರೆಯಲ್ಲಿದ್ದೇನೆ, ಕ್ಷೇಮ ಎಂದು ನೀನು ಬರೆದ ಕಾರ್ಡು ಕಾರ್ತಿಕದಲ್ಲಿ ಬಂದದ್ದೇ ಕೊನೆ. ನಾಲ್ಕು ತಿಂಗಳಾಗುತ್ತ ಬಂತು, ಆಮೇಲೆ ಒಂದು ಅಕ್ಷರವಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಮೊಣಕಾಲು ನೋವು ಇದ್ದೇ ಇದೆ, ಆದರೂ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ಕೆಂದ ಹಸು ಹೆಣ್ಣುಗರು ಹಾಕಿದೆ. ದಂಡಿನ ವಿಷಯ, ಜಾಗದ ಹೆಸರು ಬರೆಯಬೇಡಿ, ಬರೆದರೆ ನಡುವೆ ಒಡೆದು ಓದಿ ಕತ್ತರಿಸುತ್ತಾರೆ ಎಂದು ಪೋಸ್ಟ್ ಮಾಸ್ತರರು ಹೇಳಿದ್ದಾರೆ. ಜಾಗದ ಹೆಸರು ಬರೆಯುವುದಿಲ್ಲ. ಉಳಿದದ್ದನ್ನು ನಿನಗೆ ಹೇಳದಿದ್ದರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಓದುವ ಪುಣ್ಯಾತ್ಮರು ಯಾರೇ ಇರಲಿ, ದಯವಿಟ್ಟು ಕತ್ತರಿ ಕೆಳಗಿಡಬೇಕು.

ನಿನಗೆ ತಿಳಿಯದ ಒಂದು ಸಂಗತಿ ಮೊದಲು ಹೇಳಬೇಕಪ್ಪ. ಆ ಕಾರ್ಡು ಬಂದ ವಾರದಿಂದ ನಾನೊಂದು ನೇಮ ಹಿಡಿದಿದ್ದೆ. ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹಿತ್ತಿಲಿಗೆ ಹೋಗಿ, ಪಡುವಣಕ್ಕೆ ತಿರುಗಿ ಒಂದು ಹಿಡಿ ಮಣ್ಣು ತೂರುವುದು. ನನ್ನ ಮಗನನ್ನು ಹಿಡಿದಿಟ್ಟವರ ಮನೆ ದೀಪ ಆರಲಿ, ಅವರ ಹೆತ್ತವರೂ ನನ್ನ ಹಾಗೆ ದಾರಿ ಕಾಯಲಿ ಎಂದು ಶಾಪ ಹಾಕುವುದು. ಆಮೇಲೆ ಆಂಜನೇಯಸ್ವಾಮಿಗೆ ದೀಪ ಹಚ್ಚುವುದು. ನೀನು ಮನೆ ಸೇರುವ ತನಕ ಒಂದು ಶನಿವಾರವೂ ತಪ್ಪಿಸುವುದಿಲ್ಲವೆಂದು ಸ್ವಾಮಿಗೆ ಮಾತು ಕೊಟ್ಟಿದ್ದೆ. ನಿನ್ನ ಮೇಲೆ ಎತ್ತಿದ ಕೈ ಅಲ್ಲೇ ನಿಲ್ಲುವುದು ಈ ಮಣ್ಣಿನಿಂದಲೇ ಎಂದು ನಂಬಿದ್ದೆ. ಪಕ್ಕದ ಮನೆ ಅಂಜಿನಮ್ಮ ಕೂಡ, ನಂದೂ ಒಂದು ಹಿಡಿ ಇರಲಿ ಎಂದು ಬಂದು ತೂರಿ ಹೋಗುತ್ತಿದ್ದಳು. ನಿಮ್ಮಪ್ಪ ಮಾತ್ರ ಜಗಲಿಯ ಮೇಲೆ ಕೂತು, "ಹಿಂಗೇ ತೋಡ್ತಾ ಇರಿ, ಸಂಕ್ರಾಂತಿಗೆ ಬಾವಿ ಆಗುತ್ತೆ" ಎನ್ನುತ್ತಿದ್ದರು.

ನಿನ್ನ ಕೊಂಡಪ್ಪ ಮಾವ ಅವನ ಊರಿನ ಹತ್ತಿರದ ಸೆರೆ ಕ್ಯಾಂಪಿಗೆ ತರಕಾರಿ ಹಾಕುತ್ತಾನೆ. ಅಲ್ಲಿ ತಂತಿ ಬೇಲಿಯೊಳಗೆ ಇಟ್ಟಿರುವುದು ಇಟಲಿಯವರನ್ನೇ, ಸಾವಿರಾರು ಜನ. ಮಾಘಮಾಸದಲ್ಲಿ ಅವನ ಸೊಸೆಯ ಬಾಣಂತನಕ್ಕೆಂದು ನಾನು ಹೋದೆ. ಹಾಗೆಂದು ಎಲ್ಲರಿಗೂ ಹೇಳಿದ್ದೆ. ನಿನಗೆ ಸುಳ್ಳು ಏಕೆ, ನಾನು ಹೋದದ್ದು ಆ ಜನವನ್ನು ಕಣ್ಣಾರೆ ನೋಡಿ, ಎದುರಿಗೆ ನಿಂತು ಮಣ್ಣು ತೂರಲಿಕ್ಕೆ. ನಮ್ಮ ಹಿತ್ತಿಲ ಮಣ್ಣನ್ನೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿದ್ದೆ. ಭಾನುವಾರ ಬೆಳಿಗ್ಗೆ ಕೊಂಡಪ್ಪ ಬಂಡಿ ಕಟ್ಟಿದಾಗ ನಾನೂ ಹತ್ತಿ ಕೂತೆ. ದಾರಿಯಲ್ಲಿ ಗಂಟು ಏನೆಂದು ಕೇಳಿದ, ಹೇಳಿದೆ. ಎತ್ತಿನ ಬಾಲ ತಿರುವುತ್ತ, "ಅಕ್ಕಾ, ಮೊದ್ಲು ಬದನೆಕಾಯಿ ಇಳಿಸಿಬಿಡ್ತೀನಿ, ಆಮೇಲೆ ಬೈಕೋ. ಇಲ್ದಿದ್ರೆ ನಾಳೆಯಿಂದ ನಂಗೆ ಗೇಟು ತೆಗಿಯಲ್ಲ" ಎಂದ.

ಕ್ಯಾಂಪಿನ ಬಾಗಿಲಲ್ಲಿ ಬಂಡಿ ನಿಂತಿತು. ಬೇಲಿಯೊಳಗೆ ಬಯಲಿನಲ್ಲಿ ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿ ಅವರ ಪಾದ್ರಿ ಪೂಜೆ ಮಾಡುತ್ತಿದ್ದ. ಹಿಂದೆ ಜನವೋ ಜನ, ಎಲ್ಲರೂ ಬರಿತಲೆಯಲ್ಲಿ. ಒಂದು ಪಕ್ಕ ನಲವತ್ತು ಗಂಡಸರು ಸಾಲಾಗಿ ನಿಂತಿದ್ದರು. ಒಬ್ಬ ಅವರ ಮುಂದೆ ನಿಂತು ಕೈ ಎತ್ತಿದ. ಮೊದಲು ದಪ್ಪ ದನಿಯ ಕೆಲವರು ನೆಲ ಬಿಡದ ಹಾಗೆ ಮೆಲ್ಲಗೆ ರಾಗ ಎಳೆದರು. ಅದು ನಡೆಯುತ್ತಿರುವಾಗಲೇ ಇನ್ನು ಕೆಲವರು ಅದರ ಮೇಲೆ ಬೇರೆಯದನ್ನೇ ಹಾಡಿದರು, ಅವರನ್ನು ದಾಟಿ ಎಳೆಯ ದನಿಯವರು ಇನ್ನೂ ಮೇಲಿಂದ ಬಂದರು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಎಲ್ಲರೂ ಹೇಳುತ್ತೇವೆ. ಇವರದು ಹಾಗಲ್ಲ, ಒಬ್ಬೊಬ್ಬರದು ಒಂದೊಂದು ದಾರಿ, ಆದರೂ ಜಗಳವಿಲ್ಲ. ಹೇಗೆಂದು ಬರೆಯಲಿ, ಸಂಜೆ ಕೆರೆಯ ಕಡೆಯಿಂದ ದನ ಮನೆಗೆ ಬರುವಾಗ ಒಂದೊಂದು ಕೊರಳಿನ ಗಂಟೆ ಒಂದೊಂದು ತೆರನಾಗಿ ಕೇಳುತ್ತದಲ್ಲ, ಆದರೆ ಎಲ್ಲವೂ ಒಂದೇ ಹಟ್ಟಿಗೆ ಬರುತ್ತಿವೆ ಎಂದು ಗೊತ್ತಾಗುತ್ತದಲ್ಲ, ಹಾಗೆ. ಒಂದು ಮಾತೂ ನನಗೆ ತಿಳಿಯಲಿಲ್ಲ. ನನ್ನ ಕಣ್ಣಿನಲ್ಲಿ ನೀರು ಇಳಿಯುತ್ತಿದೆ ಎಂಬುದೂ ಕೊಂಡಪ್ಪ ಹೇಳಿದ ಮೇಲೆ ತಿಳಿಯಿತು.

ಕೊಂಡಪ್ಪನಿಗೇನೂ ಆಗಲಿಲ್ಲ, ಆಕಳಿಸುತ್ತ ಪುಟ್ಟಿಗಳನ್ನು ಸರಿಸುತ್ತಿದ್ದ. ಕಾವಲಿನ ಸಿಪಾಯಿ ತಮಿಳಿನವನು, ಅವರ ಮತದವನೇ ಅಂತೆ, ಬಂದೂಕು ಹಿಡಿದೇ ತಲೆ ಬಗ್ಗಿಸಿದ್ದ. ತರಕಾರಿ ಇಳಿಸಿಕೊಳ್ಳಲು ಬಂದಿದ್ದ ಸೆರೆಯವನೊಬ್ಬನಿದ್ದ, ನಿಮ್ಮಪ್ಪನ ವಯಸ್ಸಿಗೆ ಸ್ವಲ್ಪ ಕಡಿಮೆ. ಕುಂಬಳಕಾಯಿ ಎತ್ತಿಕೊಂಡವನು ಹಾಡು ಕೇಳಿ ಅಲ್ಲೇ ನಿಂತುಬಿಟ್ಟ. ಮುಗಿಯುವ ತನಕ ಅದನ್ನು ಮಗುವನ್ನು ಹಿಡಿದ ಹಾಗೆ ಎದೆಗೆ ಹಿಡಿದುಕೊಂಡೇ ಇದ್ದ. ಅವನ ಅಂಗಿಯ ಮೊಣಕೈ ಹರಿದು, ದಪ್ಪ ದಾರದಲ್ಲಿ ಹೊಲಿದಿದ್ದರು. ಗಂಡಸು ಹೊಲಿದ ಹೊಲಿಗೆ. ಆಗ ನಿನ್ನ ಅಂಗಿ ನೆನಪಾಯಿತು. ನಿನಗೆ ಸೂಜಿಗೆ ದಾರ ಪೋಣಿಸಲು ಕೂಡ ನಾನು ಕಲಿಸಲಿಲ್ಲ. ಏನು ಹಾಡುತ್ತಿದ್ದಾರೆ ಎಂದು ಕೊಂಡಪ್ಪನ ಕೈಲಿ ಸಿಪಾಯಿಯನ್ನು ಕೇಳಿಸಿದೆ. "ಸ್ವಾಮೀ ಕರುಣೆ ತೋರು ಅಂತಾರಮ್ಮ. ಅಷ್ಟೇ. ಅದನ್ನೇ ತಿರುಗಿಸಿ ತಿರುಗಿಸಿ" ಎಂದ. ಬಂಡಿ ನಿಂತಾಗಲೇ ನಾನು ಗಂಟು ಬಿಚ್ಚಿ ಮಣ್ಣು ಕೈಯಲ್ಲಿ ಹಿಡಿದಿದ್ದೆ, ಈಗ ನೋಡಿದರೆ ಅಂಗೈ ಬೆವರಿಗೆ ಅದು ಕೆಸರಾಗಿತ್ತು. ತೂರುವುದಕ್ಕೆ ಬರುವ ಹಾಗಿರಲಿಲ್ಲ. ಬಂಡಿಯ ಗಾಲಿಗೆ ಕೈ ಒರೆಸಿದೆ. ಕೊಂಡಪ್ಪ ಖಾಲಿ ಪುಟ್ಟಿಗಳನ್ನು ಬಂಡಿಗೆ ಎತ್ತಿಟ್ಟ.

ಊರಿಗೆ ಬಂದ ಮೇಲೆ ಶನಿವಾರ ಬಂತು. ತಲೆಗೆ ನೀರು ಹಾಕಿಕೊಂಡು ಹಿತ್ತಿಲಿಗೆ ಹೋದೆ. ಬಗ್ಗಿ ಮಣ್ಣು ಹಿಡಿದೆ, ಬಾಯಿಗೆ ಶಾಪವೇ ಬರಲಿಲ್ಲ. ಅಂಜಿನಮ್ಮ ಬೇಲಿಯ ಆಚೆಯಿಂದ, "ಯಾಕ್ ಲಕ್ಷ್ಮಕ್ಕಾ, ಇಟಲಿಯವ್ರು ನೆಂಟ್ರಾಗ್ಬಿಟ್ರಾ?" ಎಂದಳು. ಅವಳೊಬ್ಬಳೇ ತೂರಿ ಹೋದಳು. ಸಂಜೆ ಭಜನೆಗೆ ಹೋದರೆ ಅಲ್ಲಿ ಇನ್ನೊಂದು ಕಷ್ಟ. ಗುಡಿಯಲ್ಲಿ ತಾಳ ಶುರುವಾದರೆ ಮೊದಲು ಅಳುವವಳು ನಾನೆಂದು ನಿನಗೆ ಗೊತ್ತು, ನೀನೇ ಅಣಕಿಸುತ್ತಿದ್ದೆ. ಆ ದಿನ ಎಲ್ಲ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ನನ್ನ ಕಣ್ಣು ನೀರು ಬತ್ತಿದ ಕುಂಟೆಯ ಹಾಗಿತ್ತು. ಪರರ ದೇವರ ಮುಂದೆ ನೀರು ಸುರಿಸಿ ಬಂದು ನನ್ನ ಸ್ವಾಮಿಗೆ ಒಂದು ಹನಿ ಇಲ್ಲವೆಂದರೆ ಅವನು ಏನೆಂದುಕೊಂಡಾನು? ಕೊಟ್ಟ ಮಾತನ್ನೂ ಮುರಿದಿದ್ದೇನೆ. ಅವನು ಕೋಪ ಮಾಡಿಕೊಂಡರೆ ನನ್ನ ಮೇಲೆ ಮಾಡಿಕೊಳ್ಳುತ್ತಾನೋ, ನಿನ್ನ ಮೇಲೋ? ಅವತ್ತಿನಿಂದ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿದೆ. ಹಾಲು ಕಾಯಲಿಟ್ಟು ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನಿಮ್ಮಪ್ಪ ಸಾರಿಗೆ ನೀರು ಬೆರೆಸಿಕೊಂಡು ಉಣ್ಣುತ್ತಾರೆ.

ತಾಳಲಾರದೆ ಭಜನೆ ಹೇಳಿಕೊಡುವ ಹನುಮಂತರಾಯಪ್ಪನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಇದು ತಪ್ಪೇ ಎಂದು ಕೇಳಿದೆ. ಅವರು ನನ್ನ ತಪ್ಪನ್ನು ಅಲ್ಲಿಗೇ ಬಿಟ್ಟು ಹಾಡನ್ನು ಹಿಡಿದುಕೊಂಡರು. "ಹಾರ್ಮೋನಿ ಇರ್ಲಿಲ್ಲ ಅಂತೀಯ, ತಾಳ ಇರ್ಲಿಲ್ಲ ಅಂತೀಯ. ಮತ್ತೆ ಅಷ್ಟು ಜನ ಏನನ್ನ ಹಿಡ್ಕೊಂಡು ನಿಂತಿದ್ರಮ್ಮ?" ಎಂದರು. ಒಬ್ಬನ ಕೈ ನೋಡಿಕೊಂಡು ಎಂದೆ. ಅವರಿಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತೆಂದು ಕಾಣುತ್ತದೆ. ಮುಂದಿನ ಶನಿವಾರ ಗುಡಿಯಲ್ಲಿ ಅರ್ಧ ಜನ ಕೆಳಗೆ ಹಾಡಿ, ಅರ್ಧ ಜನ ಮೇಲೆ ಹಾಡಿ ಎಂದು ಹೇಳಿಕೊಟ್ಟು ತಾವು ನಡುವೆ ನಿಂತು ಕೈ ಆಡಿಸಿದರು. ಕೆಳಗಿನವರು ಎಲ್ಲಿಗೋ, ಮೇಲಿನವರು ಎಲ್ಲಿಗೋ ಹೋಗಿ, ಕೊನೆಗೆ ಎಲ್ಲರೂ ನಕ್ಕು ಕುಳಿತರು. ನಾನೂ ನಕ್ಕೆ. ನಕ್ಕದ್ದಕ್ಕೆ ಮನೆಗೆ ಬಂದು ಮತ್ತೆ ಹೆದರಿದೆ. ನನ್ನ ಪ್ರಶ್ನೆಗೆ ಅವರು ಇವತ್ತಿನ ತನಕ ಉತ್ತರ ಹೇಳಿಲ್ಲ, ಎದುರಿಗೆ ಸಿಕ್ಕಿದರೆ ಆ ಇಟಲಿಯವರು ಎಷ್ಟು ಜನ ಮೇಲೆ, ಎಷ್ಟು ಜನ ಕೆಳಗೆ ಎಂದು ಕೇಳುತ್ತಾರೆ.

ಅಂಚೆಯವನು ಬರುವ ಹೊತ್ತಾಯಿತು, ನಿಲ್ಲಿಸುತ್ತೇನೆ. ನಿಮ್ಮಪ್ಪ ನಿನಗೆ ಹರಕೆ ಹೇಳಿದ್ದಾರೆ. ಕೊಂಡಪ್ಪ ಮಾವ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ಹೊಟ್ಟೆ ತುಂಬ ಉಣ್ಣು, ಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗು. ಸ್ವಾಮಿ ನಿನ್ನ ಬೆನ್ನ ಹಿಂದೆಯೇ ಇರಲಿ.

ನಿನ್ನ ತಾಯಿ
ಮುನಿಲಕ್ಷ್ಮಮ್ಮ

ಅಂಚೆಯವನನ್ನು ಬಾಗಿಲಲ್ಲಿ ನಿಲ್ಲಿಸಿ ಬರೆಯುತ್ತಿದ್ದೇನೆ. ಕೇಳಬೇಕಾದದ್ದನ್ನೇ ಕೇಳಲಿಲ್ಲ. ಅವರು ನಿನ್ನನ್ನು ಹೊಡೆಯುತ್ತಾರೆಯೇ? ನನಗೆ ನೋವಾಗುತ್ತದೆಂದು ಮುಚ್ಚಿಡಬೇಡ, ಇದ್ದದ್ದು ಇದ್ದ ಹಾಗೆ ಬರಿ. ಕೈ ಮಾಡಿದ್ದರೆ, ಅವರು ಎಷ್ಟು ಚೆನ್ನಾಗಿ ಹಾಡಲಿ, ನಿನ್ನ ಕಾಗದ ಬಂದ ಶನಿವಾರದಿಂದಲೇ ಮಣ್ಣು ತೂರಲು ಶುರು ಮಾಡುತ್ತೇನೆ. ಮಾಡಿಲ್ಲವಾದರೆ ಮಾಡಿಲ್ಲವೆಂದು ಬರಿ, ಸ್ವಾಮಿಗೆ ತಪ್ಪು ಕಾಣಿಕೆ ಕಟ್ಟಿ ಬಿಟ್ಟುಬಿಡುತ್ತೇನೆ. ಈಗಾಗಲೇ ಮೂರು ಶನಿವಾರ ತಪ್ಪಿದೆ. ಈ ಕಾಗದ ಹೋಗಲು ನಾಲ್ಕು ತಿಂಗಳು, ನಿನ್ನದು ಬರಲು ನಾಲ್ಕು ತಿಂಗಳು ಎನ್ನುತ್ತಾರೆ. ಅಲ್ಲಿಯ ತನಕ ನಾನು ಮಣ್ಣು ಮುಟ್ಟುವುದಿಲ್ಲ. ಬೇಗ ಬರಿ ಮಗನೇ. ಬೈಯುವುದು ನನಗೆ ಸುಲಭವಾಗಿತ್ತು, ಹೀಗೆ ಸುಮ್ಮನಿರುವುದು ಆಗುತ್ತಿಲ್ಲ.