ಹನ್ನೊಂದನೇ ಹಾಳೆ

ಮನೆ,
ಏಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಹೋದ ಪತ್ರದಲ್ಲಿ ಚೆನ್ನಾಗಿದ್ದೇನೆ ಎಂದು ಎರಡು ಸಲ ಬರೆದಿದ್ದೀಯ. ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆ. ಲಕೋಟೆಯ ಅಂಟು ಕೂಡ ಒಂದು ಮೂಲೆಯಲ್ಲಿ ಎದ್ದಿತ್ತು. ಅಂಚೆಯವನು ಓದಿಯೇ ಕೊಟ್ಟಿರಬೇಕು. ನಗಬೇಡ. ಇಪ್ಪತ್ತೆರಡು ವರ್ಷ ಗ್ರಂಥಾಲಯದ ರಿಪೇರಿ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿದವಳಿಗೆ, ತಾನಾಗಿ ಎದ್ದ ಅಂಟು ಯಾವುದು, ಎಬ್ಬಿಸಿದ ಅಂಟು ಯಾವುದು ಎಂದು ಗೊತ್ತಾಗುತ್ತದೆ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ಸಕ್ಕರೆ ಮುಟ್ಟುತ್ತಿಲ್ಲವಂತೆ. ಡಬ್ಬಿ ಮಾತ್ರ ದಿನಾ ಇಳಿಯುತ್ತಿದೆ.

ನಮ್ಮ ಕೋಣೆಗೆ ಎರಡು ತಿಂಗಳ ಹಿಂದೆ ಅಂಟು ಹಚ್ಚುವ ಕೆಲಸಕ್ಕೆ ಒಬ್ಬಳು ಬಂದಳು. ಹೊಳೆಯಾಚೆಯವಳು. ಹೆಗಲಿಗೊಂದು ದೊಡ್ಡ ಬಟ್ಟೆಚೀಲ. ಅದನ್ನು ನೋಡಿದ ಕೂಡಲೇ ನನಗೆ ಏನೋ ಕಸಿವಿಸಿಯಾಯಿತು. ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ, ನನಗೆ ಅದೂ ಅನುಮಾನವೇ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಈ ಸಂಬಳಕ್ಕೆ ಯಾಕೆ ಬರುತ್ತಾರೆ? "ಅಕ್ಕ, ಟೀ ಕುಡೀತೀರಾ?" ಎಂದು ಕೇಳಿದರೂ, ಇವಳಿಗೆ ನನ್ನಿಂದ ಏನಾಗಬೇಕಿದೆಯೋ ಎಂದು ಯೋಚಿಸುತ್ತಿದ್ದೆ.

ಹೋದ ವಾರ ಅಟ್ಟದ ಮೇಲಿದ್ದ ಮಕ್ಕಳ ಪುಸ್ತಕಗಳು ರಿಪೇರಿಗೆ ಇಳಿದವು. ಅದರಲ್ಲಿ ನಿನ್ನ ಆ ಕಥೆಯೂ ಇತ್ತು, ಹೊಳೆಯಾಚೆಯಿಂದ ಚೀಲ ಹೊತ್ತು ಬರುವ ಕಳ್ಳನದು. ಆರು ಪ್ರತಿ. ನೀನು ಊಟಕ್ಕೆ ಹಟ ಮಾಡಿದಾಗ ಗಂಟಲು ದಪ್ಪ ಮಾಡಿಕೊಂಡು ಓದುತ್ತಿದ್ದೆನಲ್ಲ, "ಬಂದ ನೋಡು ಹೊಳೆಯಾಚೆಯವನು" ಅಂತ! ನೀನು ಬಾಯಿ ತೆರೆಯುತ್ತಿದ್ದೆ, ನಾನು ತುತ್ತು ಇಡುತ್ತಿದ್ದೆ. ಪುಸ್ತಕ ನಮ್ಮ ಕೋಣೆಗೆ ಬಂದ ಕೂಡಲೇ ಮೊದಲು ಹಾಳೆ ಎಣಿಸಬೇಕು, ಆಮೇಲೆ ಅಂಟಿನ ಮೇಜಿಗೆ ಕೊಡಬೇಕು. ಅಂದು ಎಣಿಸದೆ ಕೊಟ್ಟೆ. ಇದರ ಒಂದೊಂದು ಸಾಲೂ ನನಗೆ ಬಾಯಿಪಾಠ ಎಂಬ ಜಂಬ. ಅವಳ ಮೇಜಿನಿಂದ ವಾಪಸು ಬಂದ ಮೇಲೆ ಎಣಿಸಿದರೆ ಆರರಲ್ಲೂ ಹನ್ನೊಂದನೇ ಹಾಳೆ ಇಲ್ಲ. ಊರವರೆಲ್ಲ ಸೇರಿ ಕಳ್ಳನನ್ನು ಹೊಳೆಗೆ ನೂಕಿ ನಗುವ ಹಾಳೆ. ಅದನ್ನು ಕತ್ತರಿಸುವಷ್ಟು ಉರಿ ಹೊಳೆಯಾಚೆಯವಳಿಗಲ್ಲದೆ ಇನ್ಯಾರಿಗಿರುತ್ತದೆ ಎಂದು ನೇರವಾಗಿ ಗ್ರಂಥಪಾಲಕರ ಹತ್ತಿರ ಹೋದೆ.

ಎಲ್ಲರೆದುರು ಅವಳ ಚೀಲ ತೆರೆಸಿದರು. ಖಾಲಿ ಊಟದ ಡಬ್ಬಿ, ಬಾಚಣಿಗೆ, ಮಗುವಿನದೊಂದು ಹೊಲಿಗೆ ಬಿಟ್ಟ ಶೂ. "ನೋಡಿದ್ರಲ್ಲ ಅಕ್ಕ, ಇಷ್ಟೇ" ಅಂದಳು, ಗ್ರಂಥಪಾಲಕರಿಗಲ್ಲ, ನನಗೆ. ಮೊದಲೇ ಮನೆಗೆ ಸಾಗಿಸಿರಬೇಕು ಎಂದರು ಅವರು, ನಾನೂ ತಲೆಯಾಡಿಸಿದೆ. ಅಂದಿನಿಂದ ದಿನಾ ಸಂಜೆ ಅವಳು ಚೀಲ ತೆರೆದು ತೋರಿಸಿಯೇ ಹೋಗಬೇಕು. ಹದಿನೈದನೇ ತಾರೀಖಿಗೆ ಕೆಲಸದಿಂದ ತೆಗೆಯುತ್ತಾರಂತೆ.

ಮೊನ್ನೆ ಶುಕ್ರವಾರ ಆ ಪುಸ್ತಕಗಳನ್ನು ಹೊಲಿಯಲು ಕೂತಾಗ ಕತ್ತರಿಸಿದ ಅಂಚು ನೋಡಿದೆ. ಹಳದಿಯಾಗಿತ್ತು, ಗುಬ್ಬಿ. ಈಚೆಗೆ ಕತ್ತರಿಸಿದ್ದರೆ ಬೆಳ್ಳಗಿರಬೇಕಿತ್ತು. ಇದು ಹದಿನೈದು ವರ್ಷವಾದರೂ ಹಳೆಯದು. ಮೊದಲ ದಿನವೇ ಇದನ್ನು ನೋಡಬೇಕಾಗಿದ್ದ ನನ್ನ ಕಣ್ಣು ಅವಳ ಚೀಲದ ಮೇಲಿತ್ತು. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ ನೋಡಿದೆ. ಆರರಲ್ಲೂ ಕಡೆಯದಾಗಿ ಪುಸ್ತಕ ಒಯ್ದವರ ಕಾರ್ಡಿನ ಸಂಖ್ಯೆ ಒಂದೇ, ಮುನ್ನೂರ ಹದಿನೆಂಟು. ಆ ಕಾರ್ಡನ್ನು ನಿನಗೆ ಮಾಡಿಸಿಕೊಟ್ಟವಳು ನಾನೇ.

ಆಗ ನೆನಪಾಯಿತು. ನೀನು ತುತ್ತು ಬಾಯಲ್ಲಿಟ್ಟುಕೊಂಡೇ ಕೇಳುತ್ತಿದ್ದೆ, "ಅಮ್ಮಾ, ಅವನ ಚೀಲದಲ್ಲಿ ಏನಿತ್ತು ಅಂತ ಯಾರಾದ್ರೂ ನೋಡಿದ್ರಾ?" "ಕದ್ದ ಮಾಲು ಕಣೇ, ಇನ್ನೇನಿರುತ್ತೆ, ನುಂಗು" ಅನ್ನುತ್ತಿದ್ದೆ ನಾನು. ಮೊನ್ನೆ ಮತ್ತೆ ಓದಿದೆ, ಇಲ್ಲದ ಹಾಳೆಯನ್ನು ಬಾಯಿಪಾಠದಿಂದ ತುಂಬಿಕೊಂಡು. ಕಥೆಯಲ್ಲಿ ಎಲ್ಲೂ ಯಾರೂ ಆ ಚೀಲ ತೆರೆಯುವುದೇ ಇಲ್ಲ. ಏಳು ವರ್ಷದ ನಿನಗೆ ಕಂಡದ್ದು ಬಾಯಿಪಾಠ ಮಾಡಿದ ನನಗೆ ಕಾಣಲಿಲ್ಲ. ನಾಚಿಕೆಯಾಗುತ್ತಿದೆ. ನಿನ್ನ ಮೇಲೆ ಸಿಟ್ಟೂ ಇದೆ. ಗ್ರಂಥಾಲಯದ ಪುಸ್ತಕ ಕತ್ತರಿಸುವುದೇ? ಅದೂ ನನ್ನ ಕತ್ತರಿಯಲ್ಲೇ ಇರಬೇಕು!

ಬಿಸಿನೀರು ಕುಡಿ, ಕಿವಿ ಮುಚ್ಚಿಕೊಂಡು ಓಡಾಡು. ನಿಮ್ಮಪ್ಪ ಆಶೀರ್ವಾದ ತಿಳಿಸು ಎಂದರು, ನನ್ನದಂತೂ ಇದ್ದೇ ಇದೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಲಕೋಟೆ ಕೊಡವಿದರೆ ಆರು ಚೀಟಿ ಬೀಳುತ್ತವೆ. ಶುಕ್ರವಾರವೇ ರಟ್ಟಿನಿಂದ ಬಿಡಿಸಿ ತಂದೆ. ಸುಟ್ಟುಬಿಡು ಎಂದು ಬರೆಯಲೆಂದೇ ಕೂತಿದ್ದೆ. ನಿನ್ನ ಹೆಸರು ಕೆಡಬಾರದು, ನನ್ನ ಮಾತು ಸುಳ್ಳಾಗಬಾರದು ಎಂದು. ಈಗ ಬೇಡ ಅನ್ನಿಸುತ್ತಿದೆ. ನೀನೇ ನಾಲ್ಕು ಸಾಲು ಬರೆದು, ಚೀಟಿಗಳ ಸಮೇತ, ಹದಿನೈದರೊಳಗೆ ಸೇರುವಂತೆ ಗ್ರಂಥಪಾಲಕರಿಗೇ ಕಳಿಸು. ನನಗೆ ಕಳಿಸಬೇಡ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಚೀಟಿಗಳನ್ನು ತೆಗೆದುಕೊಂಡು ಹೊರಟ ಆ ಸಂಜೆ ಅವಳು ಬಾಗಿಲಲ್ಲಿ ನಿಂತು ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಿದ್ದಳು. ಗ್ರಂಥಪಾಲಕರು ನನಗೆ ದಾರಿ ಬಿಟ್ಟು, "ಹುಷಾರಾಗಿ ಹೋಗಿ ಅಮ್ಮ" ಅಂದರು. ನನ್ನ ಚೀಲ ಯಾರೂ ನೋಡಲಿಲ್ಲ.