ಕಾಲರ್ ಎತ್ತರವಿರಲಿ

ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರಗಳು.

ನೀವು ಹೊಲಿದು ಕಳಿಸಿದ ಅಂಗಿ ಮಗಳಿಗೆ ಸರಿಯಾಗಿದೆ. ಇನ್ನೊಂದು ಬೇಕು. ತುಂಬುತೋಳಿರಲಿ, ಕಾಲರ್ ಕಿವಿ ಮುಟ್ಟುವಷ್ಟು ಎತ್ತರವಿರಲಿ.

ಬೇಸಿಗೆಯಲ್ಲಿ ನಾವು ಊರಿಗೆ ಬಂದಾಗ "ನನ್ನ ಮೊಮ್ಮಗಳು ನೋಡಿ, ಹಾಲಲ್ಲಿ ಅದ್ದಿ ತೆಗೆದ ಹಾಗಿದಾಳೆ" ಅಂತ ಅವಳನ್ನು ಮಧ್ಯಾಹ್ನದ ಬಿಸಿಲಲ್ಲಿ ಬೀದಿಗೆಲ್ಲ ತೋರಿಸಿ ಬಂದಿರಿ. ಛತ್ರಿ ಹಿಡಿದು ಹಿಂದೆ ಓಡಿದ ನನಗೆ "ಓದಿದೋರ ಭಯ ನೋಡ್ರೇ" ಎಂದು ನಕ್ಕಿರಿ. ಓದಿದ್ದು ನಿಜ. ಚರ್ಮದ ಬಣ್ಣವಾದ ಮೆಲನಿನ್ ಬಿಸಿಲನ್ನು ತಾನೇ ನುಂಗುತ್ತದೆ, ಜೀವಕೋಶ ಕೆಡಿಸುವ ಕಣಗಳು ಹುಟ್ಟಿದರೆ ಅಲ್ಲೇ ತಣ್ಣಗಾಗಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ನಮ್ಮ ಮಗಳ ಮೈಯಲ್ಲಿ ಅದು ಹುಟ್ಟುವುದೇ ಇಲ್ಲ. ಅವಳ ಬಿಳುಪು ಅಂದರೆ ಅಷ್ಟೇ.

ನಿಮ್ಮ ಬೀರುವಿನಲ್ಲಿ ಇವರ ಅಕ್ಕನ ಫೋಟೋ ನೋಡಿದೆ. ಅವರೂ ಇಷ್ಟೇ ಬೆಳ್ಳಗಿದ್ದರು. ಎಡಗಿವಿಗೆ ಬಟ್ಟೆ ಕಟ್ಟಿತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ "ಜ್ವರ ಬಂದು ಹೋದಳು, ಬಿಡಮ್ಮ" ಎಂದು ಮಾತು ಮರೆಸುತ್ತೀರಿ. ಅದಕ್ಕೇ ಈ ಕಾಗದ.

ಮಗಳ ಕಿವಿಯ ಹಿಂದೆ ಒಂದು ಗಾಯವಾಗಿದೆ, ಎಂಟು ವಾರವಾದರೂ ವಾಸಿಯಾಗಿಲ್ಲ. ಗುರುವಾರ ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ ಎಂದು ಬರೆದು ತರಲು ಹೇಳಿದ್ದಾರೆ.

ನಿಮ್ಮನ್ನು ದೂರುತ್ತಿಲ್ಲ ಅತ್ತೆ. ಅಕ್ಕನ ಗಾಯ ಯಾವ ವಯಸ್ಸಿನಲ್ಲಿ ಕಂಡಿತು, ಆಮೇಲೆ ಅವರು ಎಷ್ಟು ದಿನ ಇದ್ದರು, ಇಷ್ಟೇ ಬರೆಯಿರಿ. ಇವರಿಗೆ ಇನ್ನೂ ಹೇಳಿಲ್ಲ.

ನಿದ್ದೆಗೆಟ್ಟು ಅಕ್ಷರ ಸೊಟ್ಟಗಾಗಿದೆ, ಬೇಸರಿಸಬೇಡಿ. ಅಂಗಿಯ ಅಳತೆ ಜೊತೆಗಿಟ್ಟಿದ್ದೇನೆ. ಅದಕ್ಕಿಂತ ದೊಡ್ಡದಾಗಿಯೇ ಹೊಲಿಯಿರಿ, ಮುಂದಿನ ವರ್ಷಕ್ಕೂ ಆಗಲಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಸೊಸೆ