ಬಿಳಿ ಪೊರೆ ಮತ್ತು ಅಣ್ಣನ ಎಡಗೈ

ಮಾರ್ಚ್ 3, ಸೋಮವಾರ
ಇವತ್ತೂ ಅಣ್ಣನ ಎಡಗೈಯನ್ನ ಅಂಗಿ ತೋಳಿಗೆ ತೂರಿಸಿದ್ದು ನಾನೇ. ಭುಜದ ಮಟ್ಟಕ್ಕೂ ಏರಲ್ಲವಂತೆ. ಗೋಡೌನಿನ ಕೆಲಸಕ್ಕೆ ಹೋಗದೆ ಐದು ವಾರ. ಸ್ಕ್ಯಾನ್‌ನಲ್ಲಿ ಮೂಳೆ ಸರಿ, ಎಲ್ಲಾ ಸರಿ. ಮತ್ತೆ ನೋವು ಎಲ್ಲಿಂದ ಬಂತು? ಕೇಳಿದೆ.
"ನೀನೇನು ಡಾಕ್ಟರಾ? ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವಳು!"
ಉತ್ತರ ಅಲ್ಲ ಅದು.

ಮಾರ್ಚ್ 5, ಸಂಜೆ
ಕಣ್ಣಾರೆ ನೋಡಿದೆ. ಬಿಸಿನೀರ ಸ್ನಾನ ಮಾಡಿ ಬಂದವನು ಅಟ್ಟದ ಮೇಲಿನ ಬ್ಯಾಗನ್ನ ಎಡಗೈಯಿಂದಲೇ ಇಳಿಸಿದ. ನಾನು ಬಾಗಿಲ ಸಂದಿಯಲ್ಲಿದ್ದೆ. ಅವನಿಗೆ ಗೊತ್ತಿಲ್ಲ. ಅಂದರೆ... ಐದು ವಾರದಿಂದ ನಮಗೆಲ್ಲ ಮಂಕುಬೂದಿ.

ಮಾರ್ಚ್ 6
ಬೆಳಿಗ್ಗೆ ಮತ್ತೆ ಕೈ ಏಳಲ್ಲ! ಒಳ್ಳೇ ನಾಟಕ.
ನಾನು ಕೆಲಸ ಮಾಡೋ ಮಾಂಸದಂಗಡಿಗೆ ಗೋಡೌನಿನ ಸೂಪರ್‌ವೈಸರ್ ಬಂದ. ಅರ್ಧ ಕೇಜಿ ಕಟ್ಟಿಸಿಕೊಳ್ಳುತ್ತಾ, "ನೀನು ಸುಳ್ಳು ಹೇಳಲ್ಲ ಅಂತಾರೆ. ನಿಮ್ಮಣ್ಣನ ಕೈ ನಿಜಕ್ಕೂ ಏಳಲ್ವಾ?"
ನೋಡಿದ್ದನ್ನ ಹೇಳಿದೆ. ಕೇಳಿದ, ಹೇಳಿದೆ — ಅಷ್ಟೇ.


ಮಾರ್ಚ್ 11, ಮಂಗಳವಾರ
ಅಣ್ಣನಿಗೆ ಪತ್ರ. ಶುಕ್ರವಾರ ಕೆಲಸಕ್ಕೆ ಬಾ, ಇಲ್ಲಾಂದ್ರೆ ಬರಲೇಬೇಡ. ಜೊತೆ ಕೆಲಸ ಮಾಡೋ, ಎಲ್ಲರೂ ಮೀಸೆ ಅಂತ ಕರೆಯೋ ಗೆಳೆಯನೇ ಚಾಡಿ ಹೇಳಿದ್ದಾನೆ ಅಂತ ಅಣ್ಣನ ಅನುಮಾನ. ನೋಡೋಕೆ ಬಂದ ಮೀಸೆಯ ಮುಖಕ್ಕೇ ಬಾಗಿಲು ಹಾಕಿದ.
"ಹತ್ತು ವರ್ಷದ ಸ್ನೇಹ ಕಣೋ!" ಅಮ್ಮ ಅತ್ತಳು.
ನಾನು ಪಾತ್ರೆ ತಿಕ್ಕೋಕೆ ಎದ್ದೆ. ಸುಳ್ಳು ಹೇಳಲಿಲ್ಲ ನಿಜ. ಆದರೆ...

ಮಾರ್ಚ್ 12
ಕೈಗೆ ವ್ಯಾಯಾಮ ಮಾಡಿಸೋ ಫಿಸಿಯೋ ಮೇಡಂ ಹತ್ತಿರ ಅಣ್ಣನ ಜೊತೆ ನಾನೇ ಹೋದೆ. ಬಣ್ಣ ಬಯಲಾಗಲಿ ಅಂತ.
ಮೇಡಂ ಹೇಳಿದ್ದು: ಚರ್ಮದ ಕೆಳಗೆ, ಸ್ನಾಯುಗಳ ಸುತ್ತ, ತೆಳು ಪೊರೆ. ಫ್ಯಾಸಿಯಾ ಅಂತಾರಂತೆ. ಪದರ ಪದರವೂ ಜಾರುತ್ತಿರಬೇಕು. ಪೆಟ್ಟಾಗಿಯೋ ಅಲುಗಾಡದೆಯೋ ಬಿಗಿದುಕೊಂಡರೆ ಕೈ ಏಳಲ್ಲ. ಎಷ್ಟೋ ಸಲ ಸ್ಕ್ಯಾನ್‌ನಲ್ಲಿ ಕಾಣಲ್ಲ.
ಕಾಣಲ್ವಂತೆ. ಎಂಥ ಅನುಕೂಲ!
"ಬಿಸಿನೀರು ಬಿದ್ದಾಗ ಸಡಿಲ ಆಗುತ್ತಾ?" ಅಣ್ಣನನ್ನ ಕೇಳಿದರು.
"ಆಗುತ್ತೆ ಮೇಡಂ. ಒಂದರ್ಧ ಗಂಟೆ. ಆಮೇಲೆ ಮತ್ತೆ ಹಿಡ್ಕೊಳ್ಳುತ್ತೆ. ಹೇಳಿದ್ರೆ ಯಾರು ನಂಬ್ತಾರೆ?"
ನನ್ನ ಕಡೆ ನೋಡಲಿಲ್ಲ. ಬೇಕಂತಲೇ?
"ನೀನೇ ಮುಟ್ಟಿ ನೋಡಮ್ಮ. ಮುಖ ನೋಡಿದ್ರೇ ಗೊತ್ತಾಗುತ್ತೆ, ಅನುಮಾನದ ಪೊಲೀಸಮ್ಮ ನೀನು." ಮೇಡಂ ನನಗೆ ಅಂದರು.
ಅಣ್ಣನ ಬೆನ್ನಿನ ಮೇಲೆ, ಭುಜದ ಹಿಂದೆ ಕೈಯಿಟ್ಟೆ. ಬಲಗಡೆ ಚರ್ಮ ಬೆರಳಡಿ ಜಾರಿತು. ಎಡಗಡೆ ಜಪ್ಪಯ್ಯ ಅಂದರೂ ಸರಿಯಲಿಲ್ಲ. ಅಣ್ಣ ಹಲ್ಲು ಕಚ್ಚಿದ. ನನ್ನ ಬೆರಳಿಗೆ ಇದು ಗೊತ್ತು. ದಿನಾ ಮಾಂಸದಿಂದ ಬಿಡಿಸಿ ಬಕೆಟ್ಟಿಗೆ ಎಸೆಯೋ ಬಿಳಿ ಪೊರೆ. ಕೆಲವು ತುಂಡಿನಲ್ಲಿ ಬೆರಳಿಗೇ ಬಿಡುತ್ತೆ, ಕೆಲವದರಲ್ಲಿ ಚಾಕುವಿಗೂ ಜಗ್ಗಲ್ಲ.

ಮಾರ್ಚ್ 13, ಗುರುವಾರ
ಗೋಡೌನಿಗೆ ಹೋದೆ. ಮೇಡಂ ಬರೆದ ಚೀಟಿ ಕೊಟ್ಟೆ.
"ಆವತ್ತು ಹೇಳಿದ್ದು ಸುಳ್ಳಾ, ಇವತ್ತಿಂದು ಸುಳ್ಳಾ?" ಸೂಪರ್‌ವೈಸರ್.
"ಎರಡೂ ಅಲ್ಲ ಸಾರ್. ನೋಡಿದ್ದು ನಿಜ. ತಿಳ್ಕೊಂಡಿದ್ದು ತಪ್ಪು."
"ಅಣ್ಣ ಹೇಳಿಕೊಟ್ಟು ಕಳಿಸಿದ್ನಾ?" ನಕ್ಕ. ಓರೆಗಣ್ಣು. ಚೀಟಿ ಮಡಚಿ ಜೇಬಿಗಿಟ್ಟ. ಓದುತ್ತಾನೋ ಇಲ್ಲವೋ.
ಇಷ್ಟು ವಾರ ನಾನೂ ಅಣ್ಣನನ್ನ ಹೀಗೇ ನೋಡಿದೆನಾ?

ಅದೇ ದಿನ, ಸಂಜೆ 6
ಮೀಸೆ ಮತ್ತೆ ಬಂದಿದ್ದಾನೆ, ಗೇಟಿನಾಚೆ. ಅಣ್ಣ ಬೈಯುತ್ತಲೇ ಚಪ್ಪಲಿ ಹುಡುಕುತ್ತಿದ್ದಾನೆ. ಅವನು ಗೇಟು ಮುಟ್ಟೋದರೊಳಗೆ ಹೇಳಬೇಕು. ಅಣ್ಣಾ, ಮೀಸೆ ಅಲ್ಲ ಕಣೋ, ಹೇಳಿದ್ದು —